ಮಣಿಯುವುದಕ್ಕೆ ಏಳು ಮಾತು

ಬೆಳಿಗ್ಗೆ ಅಪ್ಪ "ಇವತ್ತು ನಾನು ಬರಲ್ಲ ಕಣೋ" ಅಂದದ್ದು ಸಿಟ್ಟಿನಿಂದಲ್ಲ. ಸಿಟ್ಟಿನಿಂದ ಅಂದಿದ್ದರೆ ಮಗನಾದ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಸಿಟ್ಟಿಗೆ ಸಿಟ್ಟು ಎದುರಿಟ್ಟು, ಆಮೇಲೆ ಇಬ್ಬರೂ ಸುಸ್ತಾಗಿ, ಎಂದಿನಂತೆ ಟ್ಯಾಕ್ಸಿ ಹತ್ತಬಹುದಿತ್ತು. ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಕೆನ್ನೆಗೆ ಸೋಪಿನ ನೊರೆ ಮೆತ್ತಿಕೊಂಡು, ಕೈಗನ್ನಡಿಯೊಳಗಿನ ಇನ್ಯಾರೋ ಮುದುಕನಿಗೆ ಹೇಳಿದ ಹಾಗೆ ಹೇಳಿದ, ಅಷ್ಟೇ. ಎರಡು ವರ್ಷದಿಂದ ಅಪ್ಪನ ಮೂತ್ರಪಿಂಡ ಎರಡೂ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ ಸಂಜೆ ನಾಲ್ಕಕ್ಕೆ ಆಸ್ಪತ್ರೆಗೆ ಹೋಗಿ, ಡಯಾಲಿಸಿಸ್ ಯಂತ್ರಕ್ಕೆ ಕೈ ಒಡ್ಡಿ, ರಕ್ತವೆಲ್ಲ ಹೊರಗೆ ಹೋಗಿ ತೊಳೆದುಕೊಂಡು ಒಳಗೆ ಬರುವ ತನಕ ನಾಲ್ಕು ತಾಸು ಮಲಗಿರಬೇಕು. ನಲವತ್ತು ವರ್ಷ ಲಾರಿ ಓಡಿಸಿದ ಅಪ್ಪನ ಬಾಯಲ್ಲಿ ಅದು ಸರ್ವಿಸಿಂಗ್. "ವಾರಕ್ಕೆ ಮೂರು ಸಲ ಆಯಿಲ್ ಬದಲಾಯಿಸೋ ಗಾಡೀನ ಯಾರಮ್ಮಾ ಇಟ್ಕೋತಾರೆ? ಗುಜರಿಗೆ ಹಾಕ್ತಾರೆ" ಅಂತ ಅಲ್ಲಿಯ ನರ್ಸಮ್ಮನನ್ನು ನಗಿಸುತ್ತಿದ್ದ. ಒಂದು ತಿಂಗಳಿಂದ ನಗಿಸುವುದು ನಿಂತಿದೆ. ಸಾಕು ಅನ್ನುತ್ತಿದ್ದಾನೆ. ನನಗೂ ಸಾಕು, ನಿಮಗೂ ಸಾಕು, ಆ ಮಷೀನಿಗೂ ಸಾಕಾಗಿರುತ್ತೆ ಅನ್ನುತ್ತಿದ್ದಾನೆ.

"ಡಾಕ್ಟರು ಏನೋ ಕಾಗದ ಕೊಡ್ತೀನಿ ಅಂದಿದ್ರಲ್ಲ, ಕೊಟ್ರಾ?" ಅಂತ ಅಪ್ಪ ಕನ್ನಡಿಯಿಂದ ಕಣ್ಣು ತೆಗೆಯದೆ ಕೇಳಿದ.

"ಇಲ್ಲಪ್ಪ. ಇನ್ನೂ ಕೊಟ್ಟಿಲ್ಲ."

ಒಳಕೋಣೆಯಲ್ಲಿ ಹೆಂಡತಿಯ ಹೊಲಿಗೆ ಮಷೀನು ಅಲ್ಲಿಯವರೆಗೆ ದಡದಡನೆ ಓಡುತ್ತಿದ್ದದ್ದು ತಟ್ಟನೆ ನಿಂತಿತು. ಅವಳು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ನೀಲಿ ಬಟ್ಟೆಯ ಚೂರುಗಳು ಅವಳ ಸೀರೆಗೆ, ಕೂದಲಿಗೆ, ಕೆಲವು ಸಲ ಅವನ ಊಟದ ತಟ್ಟೆಗೂ ಅಂಟಿರುತ್ತವೆ. ಅವನು ಚಪ್ಪಲಿ ಹಾಕಿಕೊಳ್ಳುವಾಗ ಬಾಗಿಲಿಗೆ ಬಂದು, ಬಾಯಲ್ಲಿದ್ದ ಗುಂಡುಪಿನ್ನನ್ನು ತೆಗೆದು, ದನಿ ತಗ್ಗಿಸಿ ಹೇಳಿದಳು: "ರೀ, ನಿಮ್ಮ ಬ್ಯಾಗಲ್ಲಿ ಎಂಟು ದಿನದಿಂದ ಏನಿದೆ ಅಂತ ನಂಗೊತ್ತಿಲ್ಲ ಅಂದ್ಕೊಂಡ್ರಾ?" ಅವನು ಬಗ್ಗಿದವನು ಬಗ್ಗಿಯೇ ಇದ್ದ. "ಮಾವನ ಕಾಗದ ಅದು. ನಿಮ್ಮದಲ್ಲ" ಅಂದು ಮತ್ತೆ ಪಿನ್ನನ್ನು ತುಟಿಯಲ್ಲಿ ಕಚ್ಚಿಕೊಂಡು ಒಳಗೆ ಹೋದಳು. ಮಷೀನು ಮತ್ತೆ ಶುರುವಾಯಿತು. ಅವಳ ಮಾತಿಗಿಂತ ಆ ಪಿನ್ನೇ ಇಡೀ ರಸ್ತೆ ಅವನನ್ನು ಚುಚ್ಚುತ್ತಾ ಬಂತು.

ಅವನ ಕೆಲಸ ಇಂಗ್ಲಿಷ್–ಕನ್ನಡ ನಿಘಂಟಿನ ಕಚೇರಿಯಲ್ಲಿ. ಉದ್ದನೆಯ ಕೋಣೆ, ಎತ್ತರದ ಕಿಟಕಿ, ಗೋಡೆಯುದ್ದಕ್ಕೂ ಸಣ್ಣ ಸಣ್ಣ ಡ್ರಾಯರುಗಳ ಮರದ ಕಪಾಟು; ಡ್ರಾಯರಿನ ತುಂಬ ಕಾರ್ಡುಗಳು. ಒಂದು ಕಾಲಕ್ಕೆ ಹದಿನಾಲ್ಕು ಜನ ಕೂತು ಕೆಮ್ಮುತ್ತಿದ್ದ ಜಾಗದಲ್ಲಿ ಈಗ ಐವರು ಉಳಿದಿದ್ದಾರೆ, ಐವರೂ ಸೇರಿ ಕೊನೆಗೂ ಕೊನೆಯಿಂದ ಎರಡನೆಯ ಅಕ್ಷರ ಮುಟ್ಟಿದ್ದಾರೆ. ಪ್ರತಿ ಮಾತಿಗೂ ಒಂದು ಕಾರ್ಡು. ಬರೆಯುವವರು ಒಬ್ಬರು, ಓದುವವರು ಇನ್ನೊಬ್ಬರು. ಓದುವವರಿಗೆ ಸರಿಕಾಣದಿದ್ದರೆ ಕೆಳಗೆ ತಮ್ಮ ಸಾಲು ಬರೆಯುತ್ತಾರೆ. ಎರಡು ಸಾಲು ಉಳಿದ ಕಾರ್ಡು ಅಚ್ಚಿಗೆ ಹೋಗುವಂತಿಲ್ಲ. ಕೂತು ವಾದ ಮಾಡಬೇಕು, ಬೇಕಾದರೆ ವಾರಗಟ್ಟಲೆ ಮುಖ ಊದಿಸಿಕೊಳ್ಳಬೇಕು, ಕೊನೆಗೆ ಯಾರು ಒಪ್ಪಿದರೋ ಅವರು ತಮ್ಮ ಸಾಲನ್ನು ತಾವೇ, ತಮ್ಮ ಕೈಯಾರೆ, ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಬೇಕು. ಇನ್ನೊಬ್ಬರ ಸಾಲನ್ನು ಮುಟ್ಟುವ ಅಧಿಕಾರ ಯಾರಿಗೂ ಇಲ್ಲ, ಸಂಪಾದಕರಿಗೂ ಇಲ್ಲ. ಈ ನಿಯಮ ಮಾಡಿದ ಮೊದಲ ಸಂಪಾದಕರು ತೀರಿಕೊಂಡು ಯಾವ ಕಾಲವಾಯಿತೋ, ನಿಯಮ ಮಾತ್ರ ಗೋಡೆಗಡಿಯಾರದ ಹಾಗೆ ನಡೆಯುತ್ತಲೇ ಇದೆ. ಯಾವ ಡ್ರಾಯರು ಎಳೆದರೂ ಸಿಗುವುದು ಅರ್ಥಗಳು ಮಾತ್ರವಲ್ಲ. ಯಾರು ಯಾರಿಗೆ, ಯಾವ ಮಾತಿಗಾಗಿ ಮಣಿದರು ಅನ್ನುವುದರ ಕೆಂಪು ಗೆರೆಗಳೂ ಸಿಗುತ್ತವೆ.

ಈ ಹೊತ್ತು ಅವನ ಮುಂದಿದ್ದದ್ದು ಯೀಲ್ಡ್. ಬರೀ ಯೀಲ್ಡ್ ಆಗಿದ್ದರೆ ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು. ಅದರ ಬಾಲಕ್ಕೆ ಒಂದು ಟಿಪ್ಪಣಿ ಬೇರೆ ಬರೆಯಬೇಕು, ಅದೇ ಮನೆತನದ ಇನ್ನೂ ಆರು ಮಾತುಗಳನ್ನು ಪಕ್ಕದಲ್ಲಿ ನಿಲ್ಲಿಸಿ ಯಾರ ಮೂಗು ಹೇಗಿದೆ ಅಂತ ತೋರಿಸಬೇಕು. ಒತ್ತಡಕ್ಕೋ ಬೇಡಿಕೆಗೋ ಬಾಗಿ ಜಾಗ ಬಿಟ್ಟರೆ ಯೀಲ್ಡ್. ಹೋರಾಡಿ, ಇನ್ನು ಆಗದು ಅಂತ ಕೈ ಎತ್ತಿ, ತನ್ನಲ್ಲಿದ್ದದ್ದನ್ನು ಒಪ್ಪಿಸಿದರೆ ಸರೆಂಡರ್. ಇನ್ನೊಬ್ಬನ ಅಧಿಕಾರದ ಕೆಳಗೆ ತಲೆ ಇಟ್ಟರೆ ಸಬ್ಮಿಟ್. ಷರತ್ತು ಹಾಕಿ ಸೋತರೆ ಕೆಪಿಚ್ಯುಲೇಟ್. ಸೋತವನಿಗೂ ಷರತ್ತಿನ ಮರ್ಯಾದೆ ಇರುತ್ತದೆ ಅನ್ನುವುದು ಅವನಿಗೆ ಯಾಕೋ ಇಷ್ಟವಾಗಿತ್ತು. ತನ್ನೊಳಗೇ ಶಕ್ತಿ ಇಲ್ಲದೆ ಕುಸಿದರೆ ಸಕಂಬ್. ರೋಗಕ್ಕೆ ಬಲಿಯಾದವರಿಗೆಲ್ಲ ಪತ್ರಿಕೆಯವರು ಹಚ್ಚುವುದು ಇದನ್ನೇ, ಅವನು ಆ ಕಾರ್ಡನ್ನು ಬೇಗ ಬೇಗ ಬರೆದು ಮಗುಚಿಟ್ಟ. ನೀನು ದೊಡ್ಡವನು, ನಿನ್ನ ಮಾತೇ ನಡೆಯಲಿ ಅಂತ ಗೌರವದಿಂದ ತನ್ನ ಅಭಿಪ್ರಾಯವನ್ನು ಬದಿಗಿಟ್ಟರೆ ಡಿಫರ್. ಹಿಡಿದ ಪಟ್ಟನ್ನು ಮನಸ್ಸು ಕರಗಿ ಸಡಿಲಿಸಿದರೆ ರಿಲೆಂಟ್. ಒಂದೊಂದಕ್ಕೂ ಒಂದು ವಾಕ್ಯ ಬೇಕು, ಪುಸ್ತಕದ ವಾಕ್ಯ ಅಲ್ಲ, ಮನೆಯಲ್ಲಿ ಬೀದಿಯಲ್ಲಿ ಜನ ಆಡುವಂಥದ್ದು. ಅವನು ಬರೆಯುತ್ತಾ ಹೋದ, ಹಿಂತಿರುಗಿ ನೋಡಿದರೆ ಏಳು ವಾಕ್ಯದಲ್ಲೂ ಒಬ್ಬ ತಂದೆ, ಒಬ್ಬ ಮಗ. ಬೇರೆ ಯಾರೂ ಈ ಲೋಕದಲ್ಲಿ ಯಾರಿಗೂ ಮಣಿಯುವುದೇ ಇಲ್ಲವೇನೋ ಅನ್ನುವ ಹಾಗೆ.

ಅಪ್ಪನ ಹಳೆಯ ಲಾರಿಯ ಮುಂದಿನ ಸೀಟು ಒಂದು ಕಡೆ ಹರಿದು, ಒಳಗಿನ ನಾರು ತೊಡೆಗೆ ಚುಚ್ಚುತ್ತಿತ್ತು. ಅವನಿಗಾಗ ಒಂಬತ್ತು ವರ್ಷ. ಶಾಲೆಗೆ ರಜೆ ಅಂತ ಅಪ್ಪ ಕರೆದುಕೊಂಡು ಹೋಗಿದ್ದ. ಬೆಟ್ಟದ ಇಕ್ಕಟ್ಟಿನ ರಸ್ತೆ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ತಿರುವಿನಲ್ಲಿ ಎದುರಿಗೆ ಇನ್ನೊಂದು ಲಾರಿ ಬಂದು ಮೂಗಿಗೆ ಮೂಗು ತಾಗುವಂತೆ ನಿಂತಿತು. ಅದರ ಡ್ರೈವರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ಕಣ್ಣು ಎಲ್ಲಿಟ್ಟಿದ್ದೀಯಯ್ಯಾ? ಹಿಂದಕ್ಕೆ ತಗೊ" ಅಂತ ಅರಚಿದ. ಅಪ್ಪ ಬಯ್ಯುತ್ತಾನೆ, ಕೆಳಗಿಳಿಯುತ್ತಾನೆ, ಅವನ ಕಾಲರು ಹಿಡಿಯುತ್ತಾನೆ ಅಂತ ಇವನು ಮೈಯೆಲ್ಲ ಬಿಗಿಹಿಡಿದು ಕೂತಿದ್ದ. ಅಪ್ಪ ಒಂದು ಮಾತೂ ಆಡದೆ ಗೇರು ಬದಲಾಯಿಸಿ, ಕುತ್ತಿಗೆ ಹೊರಳಿಸಿ, ಅರ್ಧ ಮೈಲಿ ಹಿಂದಕ್ಕೇ ಓಡಿಸಿಕೊಂಡು ಬಂದು ಅಗಲದ ಜಾಗದಲ್ಲಿ ಒತ್ತರಿಸಿ ನಿಂತ. ಎದುರಿನವನು ಧೂಳೆಬ್ಬಿಸಿ ಹೋದ, ಕೈಯನ್ನೂ ಎತ್ತಲಿಲ್ಲ. ಇವನಿಗೆ ಅಳು ಬಂತು. "ಏನಾಯ್ತೋ?" ಅಂದ ಅಪ್ಪ. "ನೀನು ಸೋತೆ" ಅಂದ ಇವನು. ಅಪ್ಪ ನಕ್ಕುಬಿಟ್ಟ. "ಅವನ ಗಾಡಿ ಕಂಠಮಟ್ಟ ತುಂಬಿತ್ತು ಕಣೋ, ನೋಡ್ಲಿಲ್ವಾ? ನಮ್ಮದು ಖಾಲಿ. ಖಾಲಿ ಇರೋನು ಹಿಂದೆ ಹೋಗ್ಬೇಕು. ತುಂಬಿದ ಗಾಡೀನ ಹಿಂದಕ್ಕೆ ತಳ್ಳಿದ್ರೆ ಸಾಯ್ತಾನೆ ಅವನು." ಆ ಮಾತು ಅಂದು ಅವನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಶಾಲೆ ಶುರುವಾದ ಮೇಲೆ ಗೆಳೆಯರ ಹತ್ತಿರ ಕತೆ ಹೇಳುವಾಗ ಅವನು ಎದುರಿನ ಲಾರಿಯನ್ನೇ ಹಿಂದಕ್ಕೆ ಕಳಿಸಿದ್ದ.

"ಏನ್ರೀ, ಕಾರ್ಡಿನ ಮೇಲೇ ನಿದ್ದೆ ಮಾಡ್ತಿದ್ದೀರಾ?"

ಎದುರು ಮೇಜಿನಿಂದ ಅಕ್ಕಾವ್ರು ಕೂಗಿದ್ದು. ಅವನ ಕಾರ್ಡುಗಳನ್ನು ಓದುವವರು ಅವರು. ವಯಸ್ಸು ಅರವತ್ತರ ಹತ್ತಿರ, ಎಡಗೈ ಬರವಣಿಗೆ, ಬಾಯಿ ಮಾತ್ರ ಎಡಕ್ಕೂ ಸೈ ಬಲಕ್ಕೂ ಸೈ. ಅವನು ಏಳು ಕಾರ್ಡನ್ನೂ ಒಯ್ದು ಅವರ ಮುಂದೆ ಇಟ್ಟ. ಅವರು ಆರನ್ನು ಸರಸರನೆ ಓದಿ ಪಕ್ಕಕ್ಕೆ ಸರಿಸಿದರು, ಏಳನೆಯದರ ಮೇಲೆ ಕನ್ನಡಕ ಇಳಿಸಿದರು. ರಿಲೆಂಟ್. ಅವನ ವಾಕ್ಯ: 'ಮಗ ಎಷ್ಟು ಬೇಡಿಕೊಂಡರೂ ಜಗ್ಗದ ತಂದೆ, ಕೊನೆಗೆ ಮನಸ್ಸು ಕರಗಿ ಪಟ್ಟು ಸಡಿಲಿಸಿದ.'

"ತಂದೆ ಯಾಕ್ರೀ ಸಡಿಲಿಸ್ಬೇಕು?"

"ಹಟ ಹಿಡಿದಿರೋದು ಅವರಲ್ವಾ ಅಕ್ಕಾವ್ರೇ?"

"ಹಟ ಯಾರು ಬೇಕಾದ್ರೂ ಹಿಡೀಬಹುದು, ತೊಟ್ಟಿಲ ಕೂಸೂ ಹಿಡಿಯುತ್ತೆ. ರಿಲೆಂಟ್ ಆಗೋಕೆ ಕೈ ಮೇಲಿರಬೇಕು. ಶಿಕ್ಷೆ ಕೊಡೋನು, ಬಿಗಿ ಮಾಡೋನು, ಬೀಗದಕೈ ಇಟ್ಕೊಂಡಿರೋನು, ಅಂಥೋನು ಸಡಿಲಿಸ್ಬೇಕು. ಕೆಳಗಿದ್ದೋನು ಸಡಿಲಿಸಿದ್ರೆ ಅದು ಬೇರೆ ಕಾರ್ಡು, ನೋಡಿ, ಇಲ್ಲೇ ಇವೆ ಐದೋ ಆರೋ." ಅವರು ಎಡಗೈಯಲ್ಲಿ ಪೆನ್ಸಿಲು ಹಿಡಿದು ಅವನ ವಾಕ್ಯದ ಕೆಳಗೆ ಒಂದು ಪ್ರಶ್ನೆ ಬರೆದು ಕಾರ್ಡನ್ನು ಅವನ ಕಡೆ ತಿರುಗಿಸಿದರು: 'ಇಲ್ಲಿ ಕೈ ಯಾರದು ಮೇಲಿದೆ?'

ಅವನು ಅದನ್ನೇ ನೋಡುತ್ತಾ ನಿಂತ. ಮನೆಯಲ್ಲಿ ಕೈ ಯಾರದು ಮೇಲಿದೆ ಅಂತ ಯಾರಾದರೂ ನಿನ್ನೆ ಕೇಳಿದ್ದರೆ ಅವನು ಯೋಚನೆಯನ್ನೇ ಮಾಡುತ್ತಿರಲಿಲ್ಲ. ಅಪ್ಪನದು. ಯಾವತ್ತೂ ಅಪ್ಪನದೇ. ಅಪ್ಪ ಬರಲ್ಲ ಅನ್ನುತ್ತಾನೆ, ಇವನು ಬೇಡಿಕೊಳ್ಳುತ್ತಾನೆ, ಕೈಕಾಲು ಹಿಡಿಯುತ್ತಾನೆ, ದೂರದ ಊರಿನ ಮೊಮ್ಮಗಳ ಫೋಟೋ ತೋರಿಸುತ್ತಾನೆ. ಆದರೆ ಶರಟು ತೊಡಿಸುವ ಕೈ ಯಾರದು? ಟ್ಯಾಕ್ಸಿ ಗೊತ್ತುಮಾಡುವುದು, ತೋಳು ಹಿಡಿದು ಎಬ್ಬಿಸುವುದು, "ಸುಮ್ನೆ ಬಾ ಅಪ್ಪ, ಮಕ್ಕಳ ಥರ ಆಡ್ಬೇಡ" ಅನ್ನುವುದು ಯಾರು? ಕಾಗದ ಯಾರ ಬ್ಯಾಗಿನಲ್ಲಿದೆ? ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದ್ದರು: "ಅವರು ಬೇಡ ಅಂದ್ರೆ ಬೇಡ, ಅದು ಅವರ ಹಕ್ಕು. ನೋವಾಗದ ಹಾಗೆ ನಾವು ನೋಡ್ಕೋತೀವಿ. ಆದ್ರೆ ಇದಕ್ಕೆ ಅವರ ರುಜುವೇ ಬೇಕು, ನಿಮ್ಮದು ನಡೆಯಲ್ಲ." ಅವನು ಆಯ್ತು ಡಾಕ್ಟರೇ ಅಂದು ಅವರು ಕೊಟ್ಟ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಖಾಲಿ ಕಾರ್ಡುಗಳ ಕಟ್ಟಿನೊಳಗೆ ಸೇರಿಸಿದ್ದ.

ಅವನು ಕೆಂಪು ಪೆನ್ಸಿಲು ತೆಗೆದುಕೊಂಡು ತನ್ನ ವಾಕ್ಯವನ್ನು ತಾನೇ ಹೊಡೆದ. ಅಕ್ಕಾವ್ರು ಆ ಗೆರೆಯನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು.

"ನಿಮ್ಮ ಗೆರೆ ನಂಗೆ ಚೆನ್ನಾಗಿ ಗೊತ್ತು ಬಿಡಿ" ಅಂದರು.

ಅವನ ಕಿವಿ ಬಿಸಿಯಾಯಿತು. ನಾಲ್ಕು ವರ್ಷದ ಹಿಂದೆ, ಪೇಷನ್ಸ್ ಅನ್ನುವ ಕಾರ್ಡು. ಅವನು ತಾಳ್ಮೆ ಅಂತ ಬರೆದಿದ್ದ. ಅಕ್ಕಾವ್ರು ಅದರ ಕೆಳಗೆ, ಅಲ್ಲ, ಸೈರಣೆ ಅಂತ ಬರೆದಿದ್ದರು. ವಾದ ಅರ್ಧಕ್ಕೆ ನಿಂತಿತ್ತು. ಅಕ್ಕಾವ್ರ ಯಜಮಾನರು ಹಾಸಿಗೆ ಹಿಡಿದು ಅವರು ಒಂದೂವರೆ ತಿಂಗಳು ಕಚೇರಿಗೆ ಬರಲಿಲ್ಲ. ಸಂಪುಟ ಅಚ್ಚಿಗೆ ಹೋಗಬೇಕು, ಆ ಒಂದು ಕಾರ್ಡು ಎರಡು ಸಾಲು ಹೊತ್ತುಕೊಂಡು ಕೂತಿದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವನು ಅಕ್ಕಾವ್ರ ಸಾಲಿನ ಮೇಲೆ ಕೆಂಪು ಗೆರೆ ಎಳೆದು, ಕೈತೊಳೆದುಕೊಂಡು, ಊಟಕ್ಕೆ ಹೋದ. ವಾಪಸು ಬಂದ ಮೇಲೆ ಅವರು ಏನೂ ಅನ್ನಲಿಲ್ಲ. ಯಜಮಾನರು ಹೋಗಿಬಿಟ್ಟಿದ್ದರು, ಕಾರ್ಡಿನ ಕಡೆ ಯಾರ ಗಮನ ಇರುತ್ತದೆ ಅಂತ ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಆ ಸಮಾಧಾನಕ್ಕೇ ಆಮೇಲೆ ಎಷ್ಟೋ ಸಲ ನಾಚಿದ್ದ.

"ಎಡಗೈಯವರ ಗೆರೆ ಬಲದಿಂದ ಎಡಕ್ಕೆ ಓಡುತ್ತೆ" ಅಂದರು ಅಕ್ಕಾವ್ರು, ಮಗುವಿಗೆ ಮಗ್ಗಿ ಹೇಳಿಕೊಡುವಂತೆ. "ಬಾಲ ತೆಳ್ಳಗಾಗೋದು ಎಡಗಡೆ. ಆ ಕಾರ್ಡಿನಲ್ಲಿ ಬಾಲ ಬಲಗಡೆ ಇತ್ತು. ಡ್ರಾಯರು ಎಳೆದ ದಿನಾನೇ ನೋಡ್ದೆ."

"ಅಕ್ಕಾವ್ರೇ, ನಾನು..."

"ಇರಿ, ಕೇಳಿ. ತಾಳ್ಮೆನೇ ಸರಿಯಿತ್ತು. ಆಸ್ಪತ್ರೆ ಬೆಂಚಿನ ಮೇಲೆ ಕೂತು ಕೂತು ನಂಗೇ ಅನ್ನಿಸಿತ್ತು, ವಾಪಸು ಹೋದ ತಕ್ಷಣ ನನ್ನ ಸಾಲು ಹೊಡೆದುಬಿಡ್ತೀನಿ, ಈ ಹುಡುಗ ಹೇಳಿದ್ದೇ ಸರಿ ಅಂತ. ಬಂದು ನೋಡಿದ್ರೆ ಆಗ್ಲೇ ಹೊಡೆದಾಗಿತ್ತು." ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಸರಿಯೋ ತಪ್ಪೋ ಅದು ಬೇರೆ. ಹೊಡೆಯೋದು ನಾನು ಹೊಡೀಬೇಕಿತ್ತು. ಅಷ್ಟೇ. ನಡೀರಿ, ಇನ್ನೊಂದು ವಾಕ್ಯ ಬರ್ಕೊಂಡು ಬನ್ನಿ."

ಅವನು ವಾಕ್ಯ ಬರೆಯಲಿಲ್ಲ. ಅರ್ಧ ದಿನ ರಜೆ ಬರೆದುಕೊಟ್ಟು, ಬ್ಯಾಗನ್ನು ಎದೆಗವಚಿಕೊಂಡು ಹೊರಟ. ರಸ್ತೆಯಲ್ಲಿ ಎಲ್ಲ ಎಂದಿನಂತೆಯೇ ಇತ್ತು. ಬೀಗ ರಿಪೇರಿಯವನು ಅಂಗಡಿಯ ಮುಂದೆ ಕೂತು ಬೀಗದಕೈ ಉಜ್ಜುತ್ತಿದ್ದ. ಒಂದು ಹೆಂಗಸು ಬರಲೊಲ್ಲದ ಮಗುವನ್ನು ಕೈಹಿಡಿದು ಎಳೆಯುತ್ತಿದ್ದಳು; ಮಗು ಕುಕ್ಕರುಗಾಲಲ್ಲಿ ಕೂತು, ಚಪ್ಪಲಿ ಸಮೇತ ಜಾರುತ್ತಾ, ಆದರೂ ಬಂದೇ ಬರುತ್ತಿತ್ತು. ಅದು ಯಾವ ಕಾರ್ಡು ಅಂತ ಅವನ ತಲೆ ತಾನಾಗಿಯೇ ಹುಡುಕತೊಡಗಿದ್ದಕ್ಕೆ ಅವನಿಗೇ ಹೇಸಿಗೆಯಾಯಿತು.

ಮನೆಯೊಳಗೆ ಕಾಲಿಟ್ಟಾಗ ಮೂರೂವರೆ. ಅಪ್ಪ ಕಿಟಕಿಯ ಪಕ್ಕದಲ್ಲೇ ಬನಿಯನ್ನಿನಲ್ಲಿ ಕೂತಿದ್ದ. ಯಂತ್ರದ ಸೂಜಿ ಚುಚ್ಚಿ ಚುಚ್ಚಿ ಎಡತೋಳಿನ ನರ ಹಗ್ಗದ ಹಾಗೆ ಉಬ್ಬಿತ್ತು. ಪಾದ ಎರಡೂ ಊದಿಕೊಂಡಿದ್ದವು. ಹೆಂಡತಿ ಒಗೆದು ಮಡಿಸಿದ ಶರಟನ್ನು ಕುರ್ಚಿಯ ಬೆನ್ನಿಗೆ ಹಾಕಿ ಒಳಗೆ ಹೋದಳು.

"ಬಂದ್ಯಾ? ನೀನು ಜಗಳಕ್ಕೆ ಬೇಗ ಬರ್ತೀಯ ಅಂತ ಗೊತ್ತಿತ್ತು" ಅಂದ ಅಪ್ಪ. "ಬೇಡ ಬಿಡು, ಜಗಳ ಬೇಡ. ಆಯ್ತು, ನಡಿ, ಹೋಗೋಣ. ನಿನ್ನ ಮುಖ ನೋಡೋಕಾಗಲ್ಲ." ಅಂದವನೇ ಶರಟು ತೊಡಿಸಲಿ ಅಂತ ಎರಡೂ ಕೈಗಳನ್ನು ಮೇಲಕ್ಕೆತ್ತಿದ.

ಅವನು ಶರಟನ್ನು ಕೈಗೆ ತೆಗೆದುಕೊಂಡಿದ್ದ. ಈ ಒಂದು ಮಾತಿಗಾಗಿ ಅಲ್ಲವೇ ಬೆಳಿಗ್ಗೆಯಿಂದ, ಒಂದು ತಿಂಗಳಿಂದ ಕಾದದ್ದು? ಬನಿಯನ್ನಿನ ತೋಳಿನಿಂದ ಕಾಣುವ ಕಂಕುಳ ಬಿಳಿಗೂದಲು, ಅದರ ಕೆಳಗೆ ಎಣಿಸಬಹುದಾದ ಪಕ್ಕೆಲುಬು. ಶರಟನ್ನು ಆ ಕೈಗಳಿಗೆ ಏರಿಸಿ ಗುಂಡಿ ಹಾಕುವುದಕ್ಕೆ ಅರ್ಧ ನಿಮಿಷ ಸಾಕು. ಟ್ಯಾಕ್ಸಿ ಬರುತ್ತದೆ, ಯಂತ್ರ ತಿರುಗುತ್ತದೆ, ಅಪ್ಪ ಇನ್ನೊಂದು ತಿಂಗಳು, ಎರಡು ತಿಂಗಳು, ಇವನ ಮುಖ ನೋಡಲಾರದೆ ಬದುಕಿರುತ್ತಾನೆ. ಗೆರೆಯ ಬಾಲ ಬಲಗಡೆಗೆ ಹೋಗಿರುತ್ತದೆ.

"ಏನೋ, ಕೈ ನೋಯುತ್ತೆ" ಅಂದ ಅಪ್ಪ.

ಅವನು ಅಪ್ಪನ ಕೈಗಳನ್ನು ಒಂದೊಂದಾಗಿ ಹಿಡಿದು ಕೆಳಗಿಳಿಸಿ ತೊಡೆಯ ಮೇಲಿಟ್ಟ. ಬ್ಯಾಗು ತೆರೆದು, ಕಾರ್ಡಿನ ಕಟ್ಟಿನ ರಬ್ಬರು ಬಿಚ್ಚಿ, ನಾಲ್ಕು ಮಡಿಕೆಯ ಕಾಗದವನ್ನು ಅಪ್ಪನ ಕೈಗೆ ಕೊಟ್ಟ. ಅಪ್ಪ ಕನ್ನಡಕ ಹುಡುಕಿ ಹಾಕಿಕೊಂಡು, ಅಕ್ಷರ ಅಕ್ಷರ ಕೂಡಿಸಿ, ಸ್ವಲ್ಪ ಗಟ್ಟಿಯಾಗಿಯೇ ಓದಿದ: "'ಚಿಕಿತ್ಸೆ ನಿಲ್ಲಿಸುವುದರ ಪರಿಣಾಮ ನನಗೆ ತಿಳಿದಿದೆ.' ಹೂಂ, ತಿಳೀದೆ ಏನು. 'ಯಾರ ಒತ್ತಾಯವೂ ಇಲ್ಲದೆ...'" ಅಲ್ಲಿ ನಿಲ್ಲಿಸಿ, ಕಾಗದದ ಮೂಲೆಗೆ ಕಣ್ಣು ಹಾಯಿಸಿದ.

"ಇದರ ತಾರೀಕು ಎಂಟು ದಿನದ ಹಿಂದಿನದು."

"ಹೂಂ."

"ಅದಾದ ಮೇಲೆ ಮೂರು ಸಲ ಸೂಜಿ ಚುಚ್ಚಿಸ್ಕೊಂಡು ಬಂದಿದ್ದೀನಿ."

ಅವನು ನೆಲದ ಮೇಲೆ ಬಿದ್ದಿದ್ದ ನೀಲಿ ಬಟ್ಟೆಯ ಚೂರೊಂದನ್ನು ಕಾಲ ಹೆಬ್ಬೆರಳಿನಿಂದ ಒತ್ತಿಹಿಡಿದು ನಿಂತ. ಒಳಗೆ ಮಷೀನಿನ ಸದ್ದಿಲ್ಲ. ಅಪ್ಪ ಕನ್ನಡಕದ ಮೇಲಿನಿಂದ ಅವನನ್ನು ನೋಡಿದ.

"ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಹದಿನಾರು ದಿನ ಇಟ್ಕೋತಿದ್ದೆ" ಅಂದ. "ಪೆನ್ನು ಕೊಡು."

ಅಪ್ಪನ ರುಜು ಎಂದರೆ ಮೊದಲಕ್ಷರಕ್ಕೆ ಸ್ಟೇರಿಂಗಿನಷ್ಟು ದೊಡ್ಡ ಸುತ್ತು. ಲೈಸೆನ್ಸಿಗಾಗಿ ಕಲಿತದ್ದು, ಅದಕ್ಕಿಂತ ಹೆಚ್ಚು ಅಕ್ಷರ ಬರೆದ ಮನುಷ್ಯನಲ್ಲ. ಆ ಸುತ್ತನ್ನು ನಿಧಾನವಾಗಿ, ಎಲ್ಲೂ ಕೈ ಎತ್ತದೆ, ಒಂದೇ ತಿರುವಿನಲ್ಲಿ ಮುಗಿಸಿ, ಕಾಗದವನ್ನು ಮಗನಿಗೆ ಕೊಡದೆ ತನ್ನ ಮಡಿಲಲ್ಲೇ ಇಟ್ಟುಕೊಂಡ.

"ಎಷ್ಟು ದಿನ ಅಂದ್ರು?"

"ಹತ್ತು, ಹನ್ನೆರಡು. ನೋವಿಗೆ ಮನೆಗೇ ಬಂದು ಔಷಧಿ ಕೊಡ್ತಾರಂತೆ."

"ಹನ್ನೆರಡು" ಅಂದ ಅಪ್ಪ, ಊರು ಇನ್ನೆಷ್ಟು ದೂರ ಅಂತ ಕೇಳಿ ತಿಳಿದುಕೊಂಡವನ ಹಾಗೆ. ಬೆನ್ನು ಕುರ್ಚಿಗೆ ಒರಗಿಸಿದ. ತಿಂಗಳಿಂದ ಬಿಗಿದುಕೊಂಡಿದ್ದ ದವಡೆ ಇಳಿದು, ಮುಖ ಮತ್ತೆ ಹಳೆಯ ಮುಖದಂತಾಯಿತು. ಆಮೇಲೆ ಪ್ರತಿ ಸಲ ಟ್ಯಾಕ್ಸಿಯಲ್ಲಿ ಕೇಳುತ್ತಿದ್ದ ಪ್ರಶ್ನೆಯನ್ನು ಕೇಳಿದ: "ಸರಿ, ಇವತ್ತು ಯಾವ ಮಾತು?"

"ಇವತ್ತು ಏಳು ಮಾತು ಅಪ್ಪ. ಏಳಕ್ಕೂ ಹೆಚ್ಚುಕಮ್ಮಿ ಮಣಿಯೋದು ಅಂತಲೇ ಅರ್ಥ."

"ಏಳಾ!" ಅಪ್ಪನ ಹುಬ್ಬು ಮೇಲೇರಿತು. "ಮುಂದಕ್ಕೆ ಐದು ಗೇರು ಇದ್ರೂ, ಹಿಂದಕ್ಕೆ ನಮಗೆ ಒಂದೇ ಇತ್ತಲ್ಲೋ. ಇಂಗ್ಲಿಷಿನೋರು ಅಷ್ಟೊಂದು ಸಲ ಎಲ್ಲಿಂದ ಹಿಂದೆ ಬಂದ್ರಂತೆ?"

ಒಳಗಿನಿಂದ ಹೆಂಡತಿಯ ನಗು ಕೇಳಿಸಿತು, ನಗುವಿನ ಕೊನೆ ಬೇರೇನೋ ಆಗಿ ಒಡೆಯಿತು. ಅಷ್ಟರಲ್ಲಿ ಹೊರಗೆ ಹಾರ್ನು. ಟ್ಯಾಕ್ಸಿ, ಸರಿಯಾಗಿ ಹತ್ತು ನಿಮಿಷ ಮೊದಲು, ಎಂದಿನಂತೆ. ಅವನು ಹೊರಗೆ ಹೋದ. ಎರಡು ವರ್ಷದಿಂದ ಬರುತ್ತಿದ್ದ ಡ್ರೈವರು ಹಿಂದಿನ ಬಾಗಿಲು ತೆಗೆದು, ಸೀಟಿಗೆ ದಿಂಬು ಒರಗಿಸಿ ನಿಂತಿದ್ದ.

"ಯಜಮಾನರು ಎಲ್ಲಿ ಸಾರ್?"

"ಇವತ್ತು ಬರಲ್ಲ."

"ಶುಕ್ರವಾರ?"

"ಇಲ್ಲ. ಇನ್ನು ಬರಲ್ಲ" ಅಂದ. ತನ್ನ ದನಿ ಇಷ್ಟು ಸಾದಾ ಆಗಿ ಬಂದದ್ದು ಅವನಿಗೇ ಅಚ್ಚರಿಯಾಯಿತು. ಡ್ರೈವರು ಅವನ ಮುಖ ನೋಡಿ, ಕಿಟಕಿಯಲ್ಲಿದ್ದ ಮುದುಕನ ಮುಖ ನೋಡಿ, ದಿಂಬನ್ನು ತೆಗೆದು ಅವನ ಕೈಗಿಟ್ಟು ಬಾಗಿಲು ಹಾಕಿದ. ಅದು ಅವರ ಮನೆಯದೇ ದಿಂಬು.

ಓಣಿ ಒಂದೇ ಗಾಡಿಯಷ್ಟು ಅಗಲ, ಆ ತುದಿಯಲ್ಲಿ ಗೋಡೆ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಎಡಕ್ಕೆ ಚರಂಡಿ, ಬಲಕ್ಕೆ ಯಾರೋ ನಿಲ್ಲಿಸಿದ ಸೈಕಲ್ಲು. ಟ್ಯಾಕ್ಸಿ ಎರಡು ಸಲ ಕುಲುಕಿ ನಿಂತಿತು. ಕಿಟಕಿಯಿಂದ, ಎಷ್ಟೋ ದಿನದಿಂದ ಇಲ್ಲದ ಗಟ್ಟಿ ದನಿಯಲ್ಲಿ ಅಪ್ಪ ಕೂಗಿದ: "ಏಯ್, ಕನ್ನಡಿ ನೋಡ್ಬೇಡ, ಕುತ್ತಿಗೆ ತಿರುಗಿಸಿ ನೋಡು! ಹಾಂ, ಬಿಡು... ಬಿಡು... ಸ್ವಲ್ಪ ಬಲಕ್ಕೆ ಹೊಡಿ. ಜಾಗ ಇದೆ, ಹೆದರ್ಬೇಡ." ಕಿಟಕಿಯ ಸರಳಿನ ಹೊರಗೆ ಚಾಚಿದ ಅಪ್ಪನ ಕೈ, ನರ ಉಬ್ಬಿದ ಅದೇ ಕೈ, ಅಂಗೈ ಹಿಂದೆ ಮುಂದೆ ಮಾಡುತ್ತಾ ಗಾಡಿಯನ್ನು ಅಂಗುಲ ಅಂಗುಲವಾಗಿ ಕಳಿಸಿಕೊಡುತ್ತಿತ್ತು. ಖಾಲಿ ಟ್ಯಾಕ್ಸಿ ಆ ಕೈಯ ಮಾತು ಕೇಳಿಕೊಂಡು, ಎಲ್ಲೂ ತಾಗದೆ, ಓಣಿಯುದ್ದಕ್ಕೂ ಹಿಂದೆ ಹಿಂದೆ ಸರಿದು ಹೋಯಿತು. ಅವನು ದಿಂಬನ್ನು ಹಿಡಿದುಕೊಂಡು, ಅದು ರಸ್ತೆ ಸೇರುವ ತನಕ ನೋಡುತ್ತಾ ನಿಂತಿದ್ದ.